ಪಪ್ಪ ವ್ಯಾನು ಹತ್ತಿದ ಬೆಳಿಗ್ಗೆ

ಇಂಥದ್ದನ್ನೆಲ್ಲ ನಂಬುವವಳು ನಾನಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಸತ್ತವರು ಬಂದು ಹೋಗುವುದಕ್ಕೆ, ಗಾಳಿ ಸೋಕುವುದಕ್ಕೆ, ಒಬ್ಬರ ಬಾಯಲ್ಲಿ ಇನ್ನೊಬ್ಬರು ಮಾತಾಡುವುದಕ್ಕೆ ಎಂದೂ ಬರಗಾಲ ಬಂದದ್ದಿಲ್ಲ. ನಾಲ್ಕು ಹೆಂಗಸರು ಸೇರಿದರೆ ಅಂಥ ಒಂದು ಕತೆ ಹೊರಗೆ ಬಿದ್ದೇ ಬೀಳುತ್ತದೆ. ನಾನು ಪೂರ್ತಿ ಕೇಳಿಸಿಕೊಂಡು, ಕೊನೆಗೆ "ಆ ದಿನ ರಾತ್ರಿ ಊಟಕ್ಕೆ ಎಂತ ಪದಾರ್ಥ ಮಾಡಿದ್ದು?" ಅಂತ ವಿಚಾರಿಸುವವಳು. ಅದಕ್ಕೇ ನನ್ನ ಎದುರು ಅಂಥ ಕತೆ ಹೇಳುವುದನ್ನು ಎಲ್ಲರೂ ಬಿಟ್ಟಿದ್ದಾರೆ. ಈಗ ನಾನೇ ಒಂದನ್ನು ಹೇಳಲಿಕ್ಕೆ ಹೊರಟಿದ್ದೇನೆ. ನಗುವವರು ನಗಲಿ. ಇಷ್ಟು ವರ್ಷ ನಾನೂ ನಕ್ಕವಳೇ.

ನಡೆದು ನಾಲ್ಕು ವರ್ಷ ಆಯಿತು. ರಾತ್ರಿಯಲ್ಲ, ಬೆಳಿಗ್ಗೆ. ಹಾಲಿನವನು ಬಂದು ಹೋದ ಮೇಲೆ, ಪೇಪರಿನವನು ಬರುವ ಮೊದಲು, ನಂತೂರಿನಲ್ಲಿ ನನ್ನ ತಮ್ಮನ ಮನೆಯ ಗೇಟಿನ ಎದುರು. ನಾವು ಮನೆಯಲ್ಲಿ ಆಡುವುದು ತುಳು. ಇಲ್ಲಿ ಎಲ್ಲರ ಮಾತನ್ನೂ ಕನ್ನಡದಲ್ಲೇ ಬರೆಯುತ್ತೇನೆ.

ಪಪ್ಪನಿಗೆ ಆಗ ಎಂಬತ್ತೆರಡು. ಅಮ್ಮ ಹೋದ ಮೇಲೆ ತಮ್ಮ ಸತೀಶನ ಜೊತೆ ಇದ್ದರು. ಸತೀಶ ಗಲ್ಫಿನಲ್ಲಿ ಹದಿನೈದು ವರ್ಷ ದುಡಿದು ಬಂದು ಪಂಪ್‌ವೆಲ್‌ನಲ್ಲಿ ಬ್ಯಾಟರಿ ಅಂಗಡಿ ಇಟ್ಟವನು. ಹೆಂಡತಿ ರೂಪ, ಇಬ್ಬರು ಮಕ್ಕಳು. ಪಪ್ಪನಿಗೆ ಮರೆವು ಶುರುವಾಗಿತ್ತು. ಮರೆವು ಅಂದರೆ ಕನ್ನಡಕ ಎಲ್ಲಿಟ್ಟೆ ಅನ್ನುವಂಥದ್ದಲ್ಲ. ಗೇಟು ತೆಗೆದು ಹೊರಗೆ ಹೋಗಿಬಿಡುತ್ತಿದ್ದರು. ಎರಡು ಸಲ ನಂತೂರು ಸರ್ಕಲಿನಲ್ಲಿ ಲಾರಿಗಳ ಮಧ್ಯೆ ಸಿಕ್ಕಿದರು. ಎರಡನೆಯ ಸಲ ಒಬ್ಬ ಟ್ಯಾಂಕರ್ ಡ್ರೈವರ್ ಬ್ರೇಕ್ ಹಾಕಿ, ಕೆಳಗಿಳಿದು ಬೈದು, ಕೈ ಹಿಡಿದು ಮನೆಗೆ ತಂದು ಬಿಟ್ಟ. "ಕಟ್ಟಿ ಹಾಕಿ ಮಾರಾಯ್ರೆ, ಇಲ್ಲದಿದ್ದರೆ ಜೈಲಿಗೆ ಹೋಗುವುದು ನಾನು" ಅಂದನಂತೆ. ರೂಪ ಅಳುತ್ತಾ ನನಗೆ ಫೋನ್ ಮಾಡಿದಳು.

ನಿಮ್ಮ ಮನೆಗೆ ಕರೆದುಕೊಂಡು ಬರಬಹುದಿತ್ತಲ್ಲ ಅಂತ ನೀವು ಕೇಳಬಹುದು. ಕೂಳೂರಿನ ನಮ್ಮ ಎರಡು ಕೋಣೆಯ ಮನೆಯಲ್ಲಿ ನನ್ನ ಅತ್ತೆ ಮೂರು ವರ್ಷದಿಂದ ಹಾಸಿಗೆ ಹಿಡಿದಿದ್ದರು. ಅದು ಕಾರಣ ಹೌದು. ಪೂರ್ತಿ ಕಾರಣ ಅಲ್ಲ.

ಸತೀಶ ಘಟ್ಟದ ಮೇಲೆ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಜಾಗ ಹುಡುಕಿದ. ಹೆಸರು ಬೇಡ. ಅವರದ್ದು ಎಂತದೂ ತಪ್ಪಿಲ್ಲ, ಚೆನ್ನಾಗಿಯೇ ನೋಡಿಕೊಂಡರು. ಕಷ್ಟ ಇದ್ದದ್ದು ಪಪ್ಪನನ್ನು ಅಲ್ಲಿಗೆ ತಲುಪಿಸುವುದರಲ್ಲಿ. ಮೊದಲೊಮ್ಮೆ ಊರೊಳಗಿನ ಇಂಥದ್ದೇ ಇನ್ನೊಂದು ಜಾಗ ತೋರಿಸಲಿಕ್ಕೆ ಕರೆದುಕೊಂಡು ಹೋದಾಗ ಅವರು ಕಾರಿನ ಬಾಗಿಲು ಹಿಡಿದುಕೊಂಡವರು ಒಂದು ಗಂಟೆ ಬಿಟ್ಟಿರಲಿಲ್ಲ. ಆಮೇಲೆ ಸತೀಶನಿಗೆ ಹೊಳೆದದ್ದು ಆನೆ.

ಪಪ್ಪ ಕೂಳೂರಿನಲ್ಲಿ ಹೊಳೆಬದಿಯ ಮರದ ಮಿಲ್ಲೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಬ್ಯಾರಿ ಸಾವುಕಾರರೊಬ್ಬರ ಮಿಲ್ಲು, ದಿಮ್ಮಿ ಎಳೆಯಲಿಕ್ಕೆ ಒಂದು ಆನೆ ಇತ್ತು. ಬೇರೆ ಏನನ್ನು ಮರೆತರೂ ಆನೆ ಅಂದ ಕೂಡಲೇ ಪಪ್ಪ ಎದ್ದು ಕೂರುತ್ತಿದ್ದರು.

"ಕಾಡಾನೆ ತೋರಿಸಲಿಕ್ಕೆ ಹೋಗುವ ಅಂತ ಹೇಳುವ ಅಕ್ಕ" ಅಂದ ಸತೀಶ. "ಮಕ್ಕಳಿಗೂ ರಜೆ ಉಂಟು. ನಾಗರಹೊಳೆಗೆ ನಿಜವಾಗಿಯೂ ಹೋಗುವ. ದಾರಿಯಲ್ಲಿ ಪಪ್ಪನನ್ನು ಅಲ್ಲಿ ಬಿಡುವ. ಆಗ ಸುಳ್ಳು ಹೇಳಿದ ಹಾಗೆ ಆಗುವುದಿಲ್ಲ."

ನಾನು "ಆಗಬಹುದು" ಅಂದೆ. ಯಾರೂ ಕುತ್ತಿಗೆ ಹಿಡಿದು ಹೇಳಿಸಿದ್ದಲ್ಲ.

ಎಲ್ಲ ವ್ಯವಸ್ಥೆ ಮಾಡುವ ಕೆಲಸ ನನಗೇ ಬಂತು. ನಮ್ಮಲ್ಲಿ ಮದುವೆ ಇರಲಿ, ಸತ್ತವರ ಬೊಜ್ಜದ ಊಟ ಇರಲಿ, ಪಟ್ಟಿ ಬರೆಯುವವಳು ನಾನು. ಗ್ಯಾಸ್ ಬಂದ ದಿನ, ಅತ್ತೆಯ ಗಾಯಕ್ಕೆ ಬ್ಯಾಂಡೇಜು ಬದಲಾಯಿಸಿದ ದಿನ, ನಳ್ಳಿಯಲ್ಲಿ ನೀರು ಬಾರದ ದಿನ, ಎಲ್ಲವನ್ನೂ ಗೋಡೆಯ ಕ್ಯಾಲೆಂಡರಿನ ಚೌಕದೊಳಗೆ ಬರೆದಿಡುತ್ತೇನೆ. ಒಂದು ತಿಂಗಳು, ದಿನ ಬಿಟ್ಟು ದಿನ ನಂತೂರಿಗೆ ಹೋಗಿ ಪಪ್ಪನ ಎದುರೇ ಕೂತು ಪಟ್ಟಿ ಮಾಡಿದೆ. ಬೆಳಗಿನ ಸಫಾರಿಯೋ ಸಂಜೆಯದ್ದೋ? ಸಂಜೆ ಹೊತ್ತು ಆನೆಗಳು ನೀರಿಗೆ ಇಳಿಯುತ್ತವೆ ಅಂತ ಸಂಜೆಯದ್ದು. ಬಿಳಿ, ಕೆಂಪು ಬಟ್ಟೆ ಬೇಡ. ಮಣ್ಣಿನ ಬಣ್ಣ, ಬೂದಿ ಬಣ್ಣ ಆಗಬಹುದು. ಸೆಂಟು ಹಾಕಬಾರದು. ಜೀಪಿನಲ್ಲಿ ಮಾತಾಡಬಾರದು. ಸ್ವೆಟರ್, ಟಾರ್ಚು, ವಾಂತಿಗೆ ಪ್ಲಾಸ್ಟಿಕ್ ತೊಟ್ಟೆ, ಎಲ್ಲರ ಆಧಾರ್ ಜೆರಾಕ್ಸ್.

"ಮಿನಿಸ್ಟರ್ ಟೂರ್ ಹೋಗುವಾಗಲೂ ಇಷ್ಟು ಬರೆಯಲಿಕ್ಕಿಲ್ಲ ಅಕ್ಕ" ಅಂತ ರೂಪ ತಮಾಷೆ ಮಾಡುತ್ತಿದ್ದಳು.

ಜೀಪಿಗೆ ನಾವು ಬುಕ್ ಮಾಡಿದ್ದು ಐದು ಸೀಟು. ಸತೀಶ, ರೂಪ, ಇಬ್ಬರು ಮಕ್ಕಳು, ನಾನು. ಪಪ್ಪನ ಆಧಾರನ್ನೂ ಎರಡು ಪ್ರತಿ ಜೆರಾಕ್ಸ್ ಮಾಡಿಸಿದೆ. ಅದು ಬೇಕಾದದ್ದು ಇನ್ನೊಂದು ಕಡೆಗೆ. ಅದು ಗೊತ್ತಿಲ್ಲದ ಅವರು ಕೇಳುತ್ತಿದ್ದರು, "ನನ್ನ ಸೀಟು ಯಾವ ಬದಿ?"

"ಎಡಬದಿ ಪಪ್ಪ, ಹೊರಗೆ ಕಾಣುವ ಹಾಗೆ."

ಮರುದಿನಕ್ಕೆ ಮರೆತು ಮತ್ತೆ ಕೇಳುತ್ತಿದ್ದರು. ನಾನು ಮತ್ತೆ ಹೇಳುತ್ತಿದ್ದೆ. ಒಮ್ಮೆಯೂ ಬಾಯಿ ತಪ್ಪಿ ಬಲಬದಿ ಅಂತ ಬರಲಿಲ್ಲ.

ಇನ್ನು ಆ ಮಿಲ್ಲಿನ ಆನೆಯ ವಿಷಯ. ಅದರ ಹೆಸರು ಪಾರು. ಆ ಒಂದು ತಿಂಗಳು ಪಪ್ಪ ಮೊಮ್ಮಕ್ಕಳನ್ನು ಕೂರಿಸಿಕೊಂಡು ಅದರ ಕತೆಯನ್ನು ಎಷ್ಟು ಸಲ ಹೇಳಿದರೋ. ನನ್ನ ಮದುವೆಯಲ್ಲಿ ಗಂಡಿನ ಕಡೆಯವರಿಗೂ ಹೇಳಿದ್ದರು. ಮಿಲ್ಲಿಗೆ ಕ್ರೇನು ಬಂದಾಗ ಸಾವುಕಾರರು ಪಾರುವನ್ನು ದೂರದ ಒಬ್ಬ ಕಂತ್ರಾಟುದಾರನಿಗೆ ಮಾರಿದರು. ಲಾರಿ ಬಂತು. ದಿಮ್ಮಿ ಹೇರುವ ಮಣ್ಣಿನ ದಿಬ್ಬಕ್ಕೆ ಲಾರಿಯನ್ನು ಹಿಂದು ಮಾಡಿ ನಿಲ್ಲಿಸಿ ನಡುವೆ ಹಲಗೆ ಹಾಕಿದರು. ಆನೆ ಹತ್ತಲಿಲ್ಲ. ಮಾವುತ ಹಿಂದಿನ ದಿನವೇ ಕುಡಿದು ಎಲ್ಲಿಗೋ ಹೋಗಿದ್ದ. ಆರು ಜನ ಹಗ್ಗ ಕಟ್ಟಿ ಎಳೆದರು, ಹಿಂದಿನಿಂದ ಪಟಾಕಿ ಹೊಡೆದರು, ಮಧ್ಯಾಹ್ನ ದಾಟಿತು. ಆಗ ಪಪ್ಪ ಮನೆಗೆ ಬಂದು ನನ್ನನ್ನು ಕರೆದುಕೊಂಡು ಹೋದರು. ನನಗೆ ಒಂಬತ್ತು ವರ್ಷ, ಸತೀಶ ತೊಟ್ಟಿಲಲ್ಲಿದ್ದ. ಶಾಲೆ ಬಿಟ್ಟ ಮೇಲೆ ಪ್ರತಿದಿನ ಪಾರುವಿನ ಕಾಲ ಬುಡದಲ್ಲಿ ಆಡುತ್ತಿದ್ದವಳು ನಾನು. ಪಪ್ಪ ನನ್ನನ್ನು ಎತ್ತಿ ಲಾರಿಯೊಳಗೆ ನಿಲ್ಲಿಸಿ, ಕೈಯಲ್ಲಿ ಒಂದು ಅಚ್ಚು ಬೆಲ್ಲ ಇಟ್ಟು, "ಕರೆ" ಅಂದರು. ಕರೆದೆ. ಅದು ಹತ್ತಿತು.

"ಆರು ಗಂಡಸರಿಂದ ಆಗದ್ದನ್ನು ನನ್ನ ಮಗಳು ಒಂದು ಅಚ್ಚು ಬೆಲ್ಲದಲ್ಲಿ ಮಾಡಿದಳು!" ಅಂತ ಪಪ್ಪ ತೊಡೆ ತಟ್ಟಿ ಮುಗಿಸುತ್ತಿದ್ದರು. ಎಲ್ಲರೂ ನಗುತ್ತಿದ್ದರು.

ಕತೆಯಲ್ಲಿ ಬಾರದ್ದು ಇಷ್ಟು. ಪಾರು ಯಾವಾಗ ಬರುವುದು ಅಂತ ನಾನು ಕೇಳಿದಾಗಲೆಲ್ಲ ಪಪ್ಪ "ಮಳೆ ಹೋದ ಮೇಲೆ" ಅನ್ನುತ್ತಿದ್ದರು. ಎರಡು ಮಳೆಗಾಲ ಹೋಯಿತು. ಮೂರನೆಯದ್ದರಲ್ಲಿ ಒಂದು ಸಂಜೆ ಅವರು ಅಮ್ಮನಿಗೆ ಹೇಳುವುದು ಬಾಗಿಲ ಹಿಂದಿದ್ದ ನನಗೆ ಕೇಳಿತು: ಆ ಆನೆ ಹೋದ ವರ್ಷವೇ ಯಾವುದೋ ಕಲ್ಲುಕೋರೆಯಲ್ಲಿ ಬಿದ್ದು ಸತ್ತಿದೆ, ಸಾವುಕಾರರಿಗೆ ಆಗಲೇ ಕಾಗದ ಬಂದಿತ್ತು. ಅದಾದ ಮೇಲೆ ನಾನು ಕೇಳುವುದನ್ನು ಬಿಟ್ಟೆ. ಯಾಕೆ ಕೇಳುವುದಿಲ್ಲ ಅಂತ ಅವರೂ ಕೇಳಲಿಲ್ಲ. ಪಪ್ಪನನ್ನು ನನ್ನ ಮನೆಗೆ ಕರೆದುಕೊಂಡು ಬಾರದಿರಲಿಕ್ಕೆ ಅತ್ತೆಯ ಹಾಸಿಗೆ ಅರ್ಧ ಕಾರಣವಾದರೆ ಉಳಿದರ್ಧ ಇದು. ನಲವತ್ತಕ್ಕೂ ಹೆಚ್ಚು ವರ್ಷ ಇಟ್ಟುಕೊಂಡ ಸಿಟ್ಟು ನನ್ನದು.

ಹೊರಡುವ ದಿನ ಪಪ್ಪ ಬೇಗ ಎದ್ದು ಸ್ನಾನ ಮಾಡಿ ಬೂದಿ ಬಣ್ಣದ ಅಂಗಿ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದರಂತೆ. ನಾನು ಆರು ಗಂಟೆಗೆ ರಿಕ್ಷಾದಲ್ಲಿ ಬಂದು ಇಳಿಯುವಾಗ ಬಾಡಿಗೆಯ ವ್ಯಾನು ಗೇಟಿನ ಎದುರು ನಿಂತಿತ್ತು. ಪಪ್ಪನಿಗೆ ಮಲಗಲಿಕ್ಕೂ ಆಗಲಿ ಅಂತ ದೊಡ್ಡದೇ ಹೇಳಿದ್ದೆವು. ಅವರು ಖುಷಿಯಲ್ಲೇ ನಡೆದು ಬಂದರು. ಮೆಟ್ಟಿಲ ಮೇಲೆ ಬಲಗಾಲು ಇಟ್ಟರು, ಒತ್ತಿದರು, ತೆಗೆದರು. ಮತ್ತೆ ಇಟ್ಟು ಮೈಭಾರ ಬಿಟ್ಟು ಒತ್ತಿದರು, ತೆಗೆದರು. ಮೂರನೆಯ ಸಲವೂ ಹಾಗೇ ಮಾಡಿ, ಮೂಗಿನಿಂದ ಭುಸ್ಸೆಂದು ಉಸಿರು ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತರು.

"ಎಂತ ಪಪ್ಪ, ಮೆಟ್ಟಿಲು ಗಟ್ಟಿ ಉಂಟಾ ನೋಡುವುದಾ?" ಸತೀಶ ನಕ್ಕ.

"ಅಜ್ಜ, ಬೇಗ ಹತ್ತಿ, ಆನೆ ಓಡಿ ಹೋಗ್ತದೆ!" ಅಂದಳು ಸತೀಶನ ಸಣ್ಣ ಮಗಳು.

ಬೆಳಿಗ್ಗೆ ಎದ್ದರೆ ಬಾಯಿ ಮುಚ್ಚದ ಪಪ್ಪ ಒಂದು ಶಬ್ದ ಆಡಲಿಲ್ಲ. ಅರ್ಧ ಗಂಟೆ ಹಾಗೇ ಹೋಯಿತು. ಪಕ್ಕದ ಮನೆಯವರು ಕಿಟಕಿಗೆ ಬಂದರು. ಡ್ರೈವರ್ ವಾಚು ನೋಡಿ, "ಅಜ್ಜೆರೇ, ಹತ್ತಿ ಮಾರಾಯ್ರೆ, ಘಾಟಿಯಲ್ಲಿ ಬ್ಲಾಕ್ ಆದರೆ ಮತ್ತೆ ನನಗೆ ಹೇಳಬೇಡಿ" ಅಂದ. ಸತೀಶ ಅವರ ರಟ್ಟೆ ಹಿಡಿದು ಮೆಲ್ಲ ಎಳೆದ, ಆಮೇಲೆ ಗಟ್ಟಿಯಾಗಿ ಎಳೆದ. ದಿನಾ ಲಾರಿ ಬ್ಯಾಟರಿ ಎತ್ತುವವನು ಅವನು. ಪಪ್ಪನ ಮೈಯಲ್ಲಿ ಐವತ್ತು ಕಿಲೋ ಇತ್ತೋ ಇಲ್ಲವೋ. ನಿಂತಲ್ಲಿಂದ ಒಂದಿಂಚು ಕದಲಲಿಲ್ಲ. ಡ್ರೈವರೂ ಕೈ ಹಾಕಿದ. "ಎಂತ ಮಾರಾಯ್ರೆ ಇದು, ಕಂಬದ ಹಾಗೆ!" ಅಂತ ಬಿಟ್ಟುಬಿಟ್ಟ.

ಆಗ ಸತೀಶ ನನ್ನ ಕಡೆ ತಿರುಗಿದ. "ಅಕ್ಕ, ನೀನು ಮೊದಲು ಹೋಗಿ ಒಳಗೆ ಕೂತುಕೋ. ನೀನು ಕರೆದರೆ ಬರ್ತಾರೆ."

ರೂಪ ತಿಂಡಿಯ ಚೀಲದಿಂದ ಒಂದು ಕದಳಿ ಹಣ್ಣು ತೆಗೆದು ನನ್ನ ಕೈಯಲ್ಲಿಟ್ಟಳು. "ಇದನ್ನು ತೋರಿಸಿ ಅಕ್ಕ. ಬೆಳಿಗ್ಗೆಯಿಂದ ಎಂತದೂ ತಿನ್ನಲಿಲ್ಲ."

ಪಾರುವಿನ ಕತೆಯನ್ನು ಇಬ್ಬರೂ ನೂರು ಸಲ ಕೇಳಿದವರು. ತಾವು ಎಂತ ಮಾಡುತ್ತಿದ್ದೇವೆ ಅಂತ ಅವರಿಗೆ ಹೊಳೆಯಲಿಲ್ಲ. ನನಗೆ ಹೊಳೆಯಿತು. ಹೊಳೆದ ಮೇಲೂ ಹತ್ತಿದೆ. ಹಿಂದಿನ ಸೀಟಿನಲ್ಲಿ ಕೂತು, ಹಣ್ಣು ಮುಂದೆ ಹಿಡಿದು, "ಬನ್ನಿ ಪಪ್ಪ" ಅಂದೆ.

ಅವರು ಹತ್ತಿದರು. ಕಾಲು ಒತ್ತಿ ನೋಡಲೂ ಇಲ್ಲ, ಬಾಗಿಲಿನ ಸರಳು ಹಿಡಿಯಲೂ ಇಲ್ಲ. ಕಿಟಕಿಗಳಿಗೆ ಪರದೆ ಇತ್ತು, ಉಳಿದವರೆಲ್ಲ ಹೊರಗೆ ಬ್ಯಾಗುಗಳ ಹತ್ತಿರ ಇದ್ದರು. ಒಳಗೆ ನಾವಿಬ್ಬರೇ. ಪಪ್ಪ ಸೀಟುಗಳ ನಡುವೆ ನನ್ನವರೆಗೆ ಬಂದರು. ನನ್ನ ಕೈಯ ಹಣ್ಣು ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದರು. ಸುಲಿಯಲಿಲ್ಲ. ಅದನ್ನು ಮತ್ತೆ ನನ್ನ ಅಂಗೈಯಲ್ಲಿ ಇಟ್ಟು, ನಾನು ಮುಷ್ಟಿ ಮುಚ್ಚುವವರೆಗೂ ತಮ್ಮ ಕೈ ಮೇಲಿಟ್ಟು ಒತ್ತಿದರು. ಆಮೇಲೆ ಬಗ್ಗಿ ನನ್ನ ಬೈತಲೆಯ ಮೇಲೆ ಉದ್ದಕ್ಕೆ ಒಂದು ಉಸಿರು ಬಿಟ್ಟರು. ಬಿಸಿ ಉಸಿರು. ನೆತ್ತಿಯಿಂದ ಕುತ್ತಿಗೆಯವರೆಗೆ ಇಳಿಯಿತು. ಎಂಬತ್ತೆರಡರ ಮುದುಕನ ಎದೆಯಲ್ಲಿ ಅಷ್ಟು ಉಸಿರು ಎಲ್ಲಿತ್ತು ಅಂತ ನನಗೆ ಗೊತ್ತಿಲ್ಲ. ನನ್ನ ಮುಖ ನೋಡಲಿಲ್ಲ. ತಿರುಗಿ ಬಾಗಿಲಿನ ಕಡೆ ಮುಖ ಮಾಡಿ ನಿಂತರು. ಎಲ್ಲರೂ ಹತ್ತಿ ಡ್ರೈವರ್ ಬಾಗಿಲು ಎಳೆದ ಮೇಲೆ ಕೂತರು.

"ನೋಡು, ನಾನು ಹೇಳಲಿಲ್ವಾ!" ಅಂದ ಸತೀಶ.

ಈಗ ನಾನು ಯಾರಿಗೂ ಹೇಳದ ಸಂಗತಿ. ಅವತ್ತು ಲಾರಿಯೊಳಗೆ ಪಾರು ಮಾಡಿದ್ದು ಇದನ್ನೇ. ನನ್ನ ಕೈಯ ಬೆಲ್ಲವನ್ನು ತೆಗೆದುಕೊಂಡಿತು, ಮೂಸಿತು, ಬಾಯಿಗೆ ಹಾಕಲಿಲ್ಲ. ತಿರುಗಿ ನನ್ನ ಅಂಗೈಯಲ್ಲೇ ಇಟ್ಟು, ನಾನು ಮುಷ್ಟಿ ಮುಚ್ಚುವವರೆಗೂ ಸೊಂಡಿಲ ತುದಿಯಿಂದ ಒತ್ತಿತು. ನನ್ನ ತಲೆಯ ಮೇಲೆ ಉಸಿರು ಬಿಟ್ಟಿತು. ಅಷ್ಟರಲ್ಲಿ ಕ್ಲೀನರ್ ಕ್ಯಾಬಿನ್ನಿನ ಮೇಲಿಂದ ಬಗ್ಗಿ ನನ್ನ ತೋಳು ಹಿಡಿದು ಎತ್ತಿಬಿಟ್ಟ. ಪಪ್ಪನ ಕತೆಯಲ್ಲಿ ಆನೆ ಬೆಲ್ಲ ತಿಂದಿತು. ಅವರಿಗೆ ಗೊತ್ತಿದ್ದದ್ದು ಅಷ್ಟೇ. ನಾನು ತಿದ್ದಲಿಲ್ಲ. ಯಾಕೆಂದರೆ ಮನೆಗೆ ಬರುವ ದಾರಿಯಲ್ಲಿ ಆ ಬೆಲ್ಲವನ್ನು ತಿಂದವಳು ನಾನು. ಮಧ್ಯಾಹ್ನದ ಊಟ ಆಗಿರಲಿಲ್ಲ, ಹಸಿವಾಗಿತ್ತು, ತಿಂದೆ.

ಪಪ್ಪ ಅದನ್ನು ನೋಡಿರಬಹುದಾ? ಈ ಪ್ರಶ್ನೆಯನ್ನು ನಾನು ಸುಮ್ಮನೆ ಬಿಟ್ಟಿಲ್ಲ. ಅವರು ಲಾರಿಯ ಹಿಂದೆ, ದಿಬ್ಬದ ಮೇಲೆ, ಹಲಗೆ ಎಳೆಯುವವರ ಜೊತೆ ಇದ್ದರು. ಅವರ ಕತೆಯಲ್ಲೂ ಹಾಗೇ ಇತ್ತು. ಅವರಿಗೂ ನನಗೂ ನಡುವೆ ಇಡೀ ಆನೆ ಇತ್ತು. ಬದಿಯಿಂದ ಇಣುಕಿದರೋ ಅಂತ, ಕೂಳೂರು ಸೇತುವೆಯ ಹತ್ತಿರ ಚಹಾಕ್ಕೆ ನಿಲ್ಲುವ ಲಾರಿಯೊಂದರ ಪಕ್ಕ ನಿಂತು ಅದರ ಬದಿಹಲಗೆಯ ಎತ್ತರಕ್ಕೆ ಕೈ ಚಾಚಿ ನೋಡಿದ್ದೇನೆ. ಎತ್ತಿದ ಕೈಗೂ ಅಂಚು ಸಿಗಲಿಲ್ಲ. "ಎಂತ ಬೇಕು ಅಕ್ಕ?" ಅಂತ ಕ್ಲೀನರ್ ಕೇಳಿದ, ಎಂತ ಹೇಳುವುದು, "ಬಿಡಾರ ಬದಲಾಯಿಸಲಿಕ್ಕೆ ಉಂಟು, ಸಾಮಾನು ಹಿಡಿಯುತ್ತದಾ ನೋಡಿದೆ" ಅಂದೆ. ಆ ಕಾಲದ ಕ್ಲೀನರ್ ನೋಡಿರಬಹುದು. ಅವನು ಲಾರಿಯ ಜೊತೆಗೇ ಹೋದವನು ಮತ್ತೆ ಬರಲಿಲ್ಲ. ಡಾಕ್ಟರರ ಹತ್ತಿರವೂ ಸುತ್ತು ಬಳಸಿ ಕೇಳಿದೆ. ಮರೆವಿನ ಕಾಯಿಲೆಯವರಿಗೆ ಮೆಟ್ಟಿಲಿನ ಆಳ ಗೊತ್ತಾಗುವುದಿಲ್ಲ, ಅದಕ್ಕೇ ಕಾಲಿನಿಂದ ಒತ್ತಿ ನೋಡುತ್ತಾರೆ ಅಂದರು. ಕೆಲವರು ತಿನ್ನುವ ಮೊದಲು ಮೂಸುತ್ತಾರಂತೆ. ಹಠಕ್ಕೆ ನಿಂತರೆ ಇಲ್ಲದ ಬಲವೂ ಬರುತ್ತದಂತೆ. ಅಷ್ಟನ್ನು ಒಪ್ಪುತ್ತೇನೆ. ಉಳಿದದ್ದಕ್ಕೆ ಅವರ ಹತ್ತಿರ ಔಷಧಿ ಇರಲಿಲ್ಲ.

ಆ ದಿನ ಘಟ್ಟದ ದಾರಿಯಲ್ಲಿ ನನಗೆ ಮೂರು ಗಂಟೆಯಷ್ಟು ಸಮಯ ಇತ್ತು. ವ್ಯಾನು ತಿರುಗಿಸು ಅಂತ ಒಂದು ಮಾತು. ಹೇಳಿದ್ದರೆ ಸತೀಶ ಬೈಯುತ್ತಿದ್ದ, ಆದರೆ ತಿರುಗಿಸುತ್ತಿದ್ದ. ನಾನು ಹೇಳಲಿಲ್ಲ. ಸುಳ್ಯ ದಾಟುವಾಗ ರೂಪ ಹಿಂದೆ ತಿರುಗಿ, "ಅಯ್ಯೋ ಅಕ್ಕ, ಆ ಹಣ್ಣನ್ನು ಹಿಂಡಿ ಪಾಯಸ ಮಾಡಿದ್ದೀರಲ್ಲ!" ಅಂತ ಕೈ ಒರೆಸಲಿಕ್ಕೆ ಕಾಗದ ಕೊಟ್ಟಳು.

ಅಲ್ಲಿ ಪಪ್ಪ ತಾವಾಗಿ ಇಳಿದರು. ಹೊರಗಿನ ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು, ಹೋಗಿ ಕೂತರು. ಸತೀಶ ಒಳಗೆ ಸಹಿ ಮಾಡಿದ, ನಾನು ಚೀಲದಿಂದ ಜೆರಾಕ್ಸ್ ತೆಗೆದು ಕೊಟ್ಟೆ. "ಜೀಪು ಸಣ್ಣದು ಪಪ್ಪ, ಎರಡನೇ ಟ್ರಿಪ್ಪಿಗೆ ನಿಮ್ಮನ್ನು ಕರೆದುಕೊಂಡು ಹೋಗ್ತೇವೆ" ಅಂದ ಸತೀಶ. ಪಪ್ಪ ತಲೆ ಅಲ್ಲಾಡಿಸಿದರು. ತಮ್ಮ ಸೀಟು ಯಾವ ಬದಿ ಅಂತ ಕೇಳಲಿಲ್ಲ.

ನಾನು ಸಫಾರಿಗೂ ಹೋದೆ. ಹೋಗದೆ ಎಲ್ಲಿ ಕೂತುಕೊಳ್ಳುವುದು? ಸಂಜೆ ನೀರಿನ ಬದಿಯಲ್ಲಿ ಒಂಬತ್ತು ಆನೆ ಇದ್ದವು, ಎರಡು ಮರಿ. ಮಕ್ಕಳಿಗೆ ಬಾಯಿ ಮುಚ್ಚಿಕೊಂಡಿರಲಿಕ್ಕೆ ಆಗಲಿಲ್ಲ. ಒಂದು ಆನೆಯೂ ನಮ್ಮ ಕಡೆ ತಿರುಗಿ ನೋಡಲಿಲ್ಲ. ನೋಡಿದ್ದರೆ ಈ ಕತೆಗೆ ಚೆನ್ನಾಗಿತ್ತು, ಆದರೆ ನೋಡಲಿಲ್ಲ.

ಪಪ್ಪ ಅಲ್ಲಿ ಒಂದೂವರೆ ವರ್ಷ ಬದುಕಿದರು. ಪ್ರತಿ ಎರಡನೆಯ ಶನಿವಾರ ನಾನು ಬಸ್ಸಿನಲ್ಲಿ ಹೋಗುತ್ತಿದ್ದೆ. ನೀರು ದೋಸೆ, ಬಂಗುಡೆ ಚಟ್ನಿ ತೆಗೆದುಕೊಂಡು ಹೋಗುತ್ತಿದ್ದೆ. ಅವರು ಅಮ್ಮನ ವಿಷಯ, ಮಳೆಯ ವಿಷಯ, ಪಕ್ಕದ ಹಾಸಿಗೆಯವರ ಗೊರಕೆಯ ವಿಷಯ ಮಾತಾಡುತ್ತಿದ್ದರು. ಆನೆ ಅನ್ನುವ ಶಬ್ದ ಮತ್ತೆ ಅವರ ಬಾಯಲ್ಲಿ ಬರಲಿಲ್ಲ. ಪಾರುವಿನ ಕತೆಯನ್ನು ಅಲ್ಲಿ ಯಾರಿಗೂ ಹೇಳಲಿಲ್ಲ. ನಾನೇ ಒಮ್ಮೆ ವಿಚಾರಿಸಿದಾಗ ನೋಡಿಕೊಳ್ಳುವ ಹುಡುಗಿ, "ಹೌದಾ ಆಂಟಿ, ಅಜ್ಜ ಆನೆ ನೋಡಿದ್ದಾರಾ?" ಅಂತ ನನ್ನನ್ನೇ ಕೇಳಿದಳು.

ಹಣ್ಣು ಯಾಕೆ ವಾಪಸ್ಸು ಕೊಟ್ಟಿರಿ ಪಪ್ಪ? ಇಷ್ಟೇ ಕೇಳಬೇಕಾಗಿದ್ದದ್ದು. ಪ್ರತಿ ಸಲ ಬಸ್ಸಿನಲ್ಲಿ ಅದನ್ನು ಬಾಯಿಪಾಠ ಮಾಡಿಕೊಂಡು ಹೋಗುತ್ತಿದ್ದೆ. ಅಲ್ಲಿ ತಲುಪಿದ ಮೇಲೆ ಉಗುರು ಕತ್ತರಿಸುತ್ತಿದ್ದೆ, ಮಾತ್ರೆ ಎಣಿಸುತ್ತಿದ್ದೆ, ಟಾಯ್ಲೆಟ್ಟಿಗೆ ಸರಿ ಹೋಗಿದ್ದಾರಾ ಅಂತ ವಿಚಾರಿಸುತ್ತಿದ್ದೆ. ಅವರಿಗೆ ನೆನಪಿಲ್ಲದಿದ್ದರೆ ಅನ್ನುವ ಹೆದರಿಕೆ ಅಲ್ಲ. ಉತ್ತರ ಕೊಟ್ಟರೆ ಅದನ್ನು ಹೇಳುವವರು ಯಾರು ಅನ್ನುವ ಹೆದರಿಕೆ. ಇದನ್ನು ಬರೆಯುವಾಗಲೂ ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೂ ಕೇಳಲಿಲ್ಲ.

ಕೊನೆಯ ಸಲ ಹೋದಾಗ ಮಧ್ಯಾಹ್ನ ಒಂದು ಗಂಟೆ. ಅದೇ ಜಗಲಿ, ಅದೇ ಕುರ್ಚಿ. ಬಸ್ಸಿನಲ್ಲಿ ಅವತ್ತೂ ಆ ಪ್ರಶ್ನೆಯನ್ನು ಬಾಯಿಪಾಠ ಮಾಡಿಕೊಂಡೇ ಬಂದಿದ್ದೆ. ಪಪ್ಪ ಮುಖ ಎತ್ತಿ ನನ್ನನ್ನು ನೋಡುತ್ತಾ ಕಾದರು. ನಾನು "ಊಟ ಆಯ್ತಾ ಪಪ್ಪ?" ಅಂದೆ.

"ಆಯಿತು" ಅಂದರು.

ಆಗಿರಲಿಲ್ಲ. ಬಡಿಸಿದ ತಟ್ಟೆ ಪಕ್ಕದ ಸ್ಟೂಲಿನ ಮೇಲೆ ಮುಚ್ಚಿಟ್ಟ ಹಾಗೇ ಇತ್ತು.